ಕಾಲು ಸೆಕೆಂಡು

ಕಿತ್ತಳೆ ಬಣ್ಣದ ಒಂದು ಪಟ್ಟಿ, ಹೆಬ್ಬೆರಳಿನಷ್ಟು ಅಗಲ, ಫೋನಿನ ಗಾಜಿನ ಎಡ ಅಂಚಿಗೆ ಅಂಟಿಕೊಂಡ ಹಾಗೆ — ಜಾಮ್ ಏನಾದರೂ ತಾಗಿತೇ ಎಂದು ಐಲಿ ಬೆರಳಿನಿಂದ ಒರೆಸಿ ನೋಡಿದಳು, ಅಲ್ಲ, ಅದು ಚಿತ್ರದ ಒಳಗೇ ಇದೆ, ತೋಳು ಅದು, ಗಂಡ ಅರ್ವಿಯ ಬೇಟೆ ಜಾಕೆಟ್ಟಿನ ತೋಳು, ಮಣಿಕಟ್ಟಿನ ಹತ್ತಿರ ಕೆಂಪು ದಾರದ ಹೊಲಿಗೆ, ಕಿತ್ತಳೆ ದಾರ ಮುಗಿದಿತ್ತು, ಅಂಗಡಿಗೆ ಹೋಗಲು ಬೇಸರ, ಕೆಂಪಿನಲ್ಲೇ ಹೊಲಿದುಬಿಟ್ಟಿದ್ದಳು — ಉಳಿದ ಚಿತ್ರವೆಲ್ಲ ಖಾಲಿ, ಬರ್ಚ್ ಮರಗಳು, ಒಣಗಿದ ಜರಿಗಿಡ, ನಡುವೆ ಕಾಲುದಾರಿ, ಕೆಳಗೆ ಬಿಳಿ ಅಕ್ಷರದಲ್ಲಿ ನವೆಂಬರ್ ಹದಿನಾಲ್ಕು, ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷ, ಪಕ್ಕದಲ್ಲಿ ಓಡೆಮಾರ್ಕ್ ಕಂಪನಿಯ ಗುರುತು, ಪುಟ್ಟ ನೀರುಹಕ್ಕಿ. ಗೋಡೆಯ ಗಡಿಯಾರದಲ್ಲಿ ಈಗ ಮೂರು ದಾಟಿದೆ, ನಾಲ್ಕೂಕಾಲಿಗೆಲ್ಲ ಕತ್ತಲು, ರೇಡಿಯೊದಲ್ಲಿ ಸಂಜೆಗೆ ಹಿಮ ಅಂದಿದ್ದಾರೆ, ಅವನು ಕೈಗವಸು ಮರೆತು ಹೋಗಿದ್ದಾನೆ, ಒಲೆಯ ಮೇಲಿನ ತಂತಿಯಲ್ಲಿ ಅವು ಎರಡೂ ಜೋತುಬಿದ್ದಿವೆ, ಬೆಚ್ಚಗಿವೆ, ಮುಟ್ಟಿದರೆ ಒಳಗೆ ಕೈ ಇದೆಯೇನೋ ಅನ್ನಿಸುತ್ತದೆ. ಹತ್ತು ಗಂಟೆಗೆ ಹೊರಟವನು ಊಟಕ್ಕೆ ಬರಲಿಲ್ಲ. ಈ ಎರಡು ವರ್ಷದಲ್ಲಿ ಅವನು ತಾರೀಖು ಮರೆತ, ತಂಗಿಯ ಹೆಸರು ಮರೆತ, ಒಮ್ಮೆ ಐಲಿಯನ್ನೇ ನೋಡಿ ನೀವು ಯಾರ ಪೈಕಿ ಎಂದು ಮರ್ಯಾದೆಯಿಂದ ಕೇಳಿದ, ಆದರೆ ಊಟದ ಹೊತ್ತು ಮಾತ್ರ ಮರೆತವನಲ್ಲ.

ಪಾತ್ರೆ ತೊಟ್ಟಿಯ ಹತ್ತಿರ ರೋಸಲಿ ಲೋಟ ತೊಳೆಯುತ್ತಿದ್ದಾಳೆ, ನೆರೆಯ ಡೆಲ್ಬರ್ಟನ ಹೆಂಡತಿ, ಆಗಲೇ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಾಳೆ, ಮುಖ ಈ ಕಡೆ ತಿರುಗಿಸದೆ ಇರುವುದಕ್ಕೆ ಅವಳಿಗೆ ಒಂದು ಕೆಲಸ ಬೇಕು, ಐಲಿಗೆ ಅದು ಗೊತ್ತು, ಒಳ್ಳೆಯ ಹೆಂಗಸು, ಬರುವಾಗ ಮಾಂಸದ ಕಡುಬು ಬಟ್ಟೆಯಲ್ಲಿ ಸುತ್ತಿ ತಂದಳು, ಒಂದನ್ನು ಕೇಳದೆಯೇ ಅರ್ವಿಯ ತಟ್ಟೆಯಲ್ಲಿಟ್ಟು ಇನ್ನೊಂದು ತಟ್ಟೆ ಮುಚ್ಚಿದಳು. ಗಂಡಸರು ಹೊರಟು ಹತ್ತು ನಿಮಿಷವಾಯಿತು. ನಾಲ್ಕು ಜನ, ಡೆಲ್ಬರ್ಟ್, ಅವನ ಭಾವಮೈದ ಕ್ಲಿಫ್, ಅಗ್ನಿಶಾಮಕ ದಳದ ಇಬ್ಬರು, ಇದೇ ಮೇಜಿನ ಸುತ್ತ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು, ಬೂಟಿನಿಂದ ನೆಲ ಕೊಳೆಯಾಗುತ್ತದೆಂದು ಹಳೆಯ ಪೇಪರು ಹಾಸಿಕೊಂಡು. ಮನೆಯಿಂದ ಎರಡು ದಾರಿ ಹೊರಡುತ್ತವೆ, ಹಬೆಸ್ನಾನದ ಸೌನಾ ಕೋಣೆಯ ಹಿಂದಿನಿಂದ ಒಂದು, ಹುಲ್ಲುಗಾವಲಿನ ಕಡೆಯಿಂದ ಒಂದು, ಕಾಡಿನೊಳಗೆ ಮೊದಲನೆಯದು ಬಲದಿಂದ, ಎರಡನೆಯದು ಎಡದಿಂದ ಬಂದು ಒಂದೇ ದಾರಿಯಾಗುತ್ತವೆ, ಅದರ ನಡುವೆ ಬರ್ಚ್ ಮರಕ್ಕೆ ಬಿಗಿದ ಕ್ಯಾಮೆರಾ, ಎದುರು ಏನಾದರೂ ಅಲ್ಲಾಡಿದರೆ ತಾನೇ ಚಿತ್ರ ತೆಗೆದು ಫೋನಿಗೆ ಕಳಿಸುವಂಥದು. ಚಿತ್ರದ ಎಡಕ್ಕೆ ಹೋದರೆ ದೇವದಾರಿನ ಜೌಗು, ಬಲಕ್ಕೆ ಹೋದರೆ ಗುಡ್ಡ, ಗುಡ್ಡದ ಆಚೆ ಅರ್ವಿ ಐವತ್ತು ವರ್ಷ ಕೂತು ಜಿಂಕೆ ಕಾದ ಅಟ್ಟಣಿಗೆ. ಕಲ್ಲಿನ ಹಾಗೆ ನೆಲ ಹೆಪ್ಪುಗಟ್ಟಿದೆ, ಹೆಜ್ಜೆ ಮೂಡಿಲ್ಲ, ಶೆರೀಫನ ಪೊಲೀಸ್ ನಾಯಿ ಬರಲು ಎರಡು ಗಂಟೆ ಬೇಕಂತೆ, ಇರುವುದು ಈ ಒಂದು ತೋಳು. ಡೆಲ್ಬರ್ಟ್ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದ, ದೂರ ಹಿಡಿದ, ಐಲಿ, ಕೋಪ ಮಾಡ್ಕೋಬೇಡಿ, ಈ ಕ್ಯಾಮೆರಾ ಚುರುಕಾಗಿದ್ರೆ ಅರ್ವಿ ಎಡಗಡೆಯಿಂದ ಒಳಗೆ ಬರ್ತಿದ್ದ ಹಾಗೇ ಹಿಡಿದಿದೆ, ಅಂದ್ರೆ ಬಲಕ್ಕೆ ನಡೀತಿದ್ದ, ಗುಡ್ಡಕ್ಕೆ, ಮಂದ ಆಗಿದ್ರೆ ಅವನು ಪೂರ್ತಿ ದಾಟಿ ಎಡಗಡೆಯಿಂದ ಆಚೆ ಹೋಗೋವಾಗ ಹಿಡಿದಿದೆ, ಅಂದ್ರೆ ಜೌಗಿಗೆ, ಯಾವುದು ಹೇಳಿ. ಕಾಲು ಸೆಕೆಂಡು, ಅಂದಳು ಐಲಿ, ಡಬ್ಬಿ ಮೇಲೆ ಬರೆದಿದೆ. ಡಬ್ಬಿ ಮೇಲೆ ಬರೆದಿರತ್ತೆ ಐಲಿ. ಓಡೆಮಾರ್ಕ್ ಅದು ಡೆಲ್ಬರ್ಟ್, ನಾನು ಇಪ್ಪತ್ತೇಳು ವರ್ಷ ಅಲ್ಲಿ ದುಡಿದವಳು. ಕ್ಲಿಫ್ ಬಾಗಿಲ ಕಡೆ ನೋಡಿದ, ಡೆಲ್ಬರ್ಟ್ ನಿಧಾನಕ್ಕೆ, ಇಬ್ಬರು ಆ ಕಡೆ ಇಬ್ಬರು ಈ ಕಡೆ ಹೋಗೋಣ್ವಾ ಅಂದ, ಅದಕ್ಕೆ ಅಗ್ನಿಶಾಮಕದವನು, ಜೌಗಿಗೆ ಇಳಿಯೋದಾದ್ರೆ ಹಗ್ಗ ಹಿಡಿಯೋಕೇ ನಾಲ್ಕು ಜನ ಬೇಕು, ಮಂಜುಗಡ್ಡೆ ಬ್ರೆಡ್ಡಿನ ಸಿಪ್ಪೆಯಷ್ಟು ತೆಳ್ಳಗಿದೆ, ಒಂದು ಕಡೆ ಹೇಳಿ ಅಮ್ಮ, ಕತ್ತಲಾಗೋ ಮುಂಚೆ ಒಂದೇ ಕಡೆ ಆಗೋದು. ಬಲಕ್ಕೆ, ಅಂದಳು ಐಲಿ. ಗುಡ್ಡಕ್ಕೆ ಹೋಗಿ.

ಎಷ್ಟು ಸಲೀಸಾಗಿ ಬಂತು ಆ ಮಾತು, ಬಲಕ್ಕೆ, ಕಾಫಿಗೆ ಸಕ್ಕರೆ ಬೇಡ ಅಂದ ಹಾಗೆ — ಇಪ್ಪತ್ತೇಳು ವರ್ಷ, ಉತ್ತರದ ಕಿಟಕಿಯ ಕೆಳಗೆ ಎತ್ತರದ ಸ್ಟೂಲು, ಎಡಗೈಯಲ್ಲಿ ದೂರದರ್ಶಕ, ಎದುರು ಗೋಡೆಯ ಮೇಲೆ ಕಪ್ಪು ಗೆರೆಗಳ ಹಾಳೆ, ಒಂದು ಗೆರೆ ಕೂದಲಿನಷ್ಟು ಬಾಗಿ ಕಂಡರೂ ಪಕ್ಕದ ಬುಟ್ಟಿಗೆ, ಮೇಲ್ವಿಚಾರಕ ಸಿಗುರ್ಡ್ ಹಿಂದೆ ಬಂದು ನಿಲ್ಲುತ್ತಿದ್ದ, ಅನುಮಾನ ಬಂತಾ ಹುಡುಗಿ, ಬಂತು ಅಂದ್ರೆ ತೆಗೆದಿಡು, ಮಾಲೀಕರಿಗೆ ನಾನು ಹೇಳ್ಕೋತೀನಿ. ಸರಿಯಾಗಿದ್ದರೆ ಒಳಗೊಂದು ಚೀಟಿ, ಪರೀಕ್ಷಿಸಿದವರು ಹದಿನಾಲ್ಕು, ಹದಿನಾಲ್ಕು ಅಂದರೆ ಐಲಿ, ಯಾವುದೋ ಊರಿನ ಯಾವನೋ ಬೇಟೆಗಾರ ಆ ಚೀಟಿಯ ಹಿಂದೆ ಬರೆದು ಕಳಿಸಿದ್ದ, ಹದಿನಾಲ್ಕನೆಯವರೇ ವಂದನೆಗಳು, ನನ್ನಪ್ಪ ಸಾಯುವ ಮುಂಚೆ ಇದರಲ್ಲಿ ಕೊನೆಯ ಸಲ ಹದ್ದು ನೋಡಿದರು, ಆ ಚೀಟಿ ಇನ್ನೂ ಬೈಬಲ್ಲಿನೊಳಗಿದೆ. ಆಮೇಲೆ ಕಾರ್ಖಾನೆ ಮುಚ್ಚಿತು. ಕಟ್ಟಡ ಯಾರಿಗೂ ಬೇಡವಾಯಿತು, ಯಂತ್ರಗಳು ಗುಜರಿಗೆ ಹೋದವು, ಹೆಸರನ್ನು ಮಾತ್ರ ಯಾರೋ ಕೊಂಡರು, ಹೆಸರನ್ನು ಕೊಳ್ಳಬಹುದು ಎಂದು ಐಲಿಗೆ ಆವತ್ತೇ ಗೊತ್ತಾಗಿದ್ದು, ಹೆಸರು, ನೀರುಹಕ್ಕಿ, ಅಕ್ಷರದ ಹಸಿರು ಬಣ್ಣ. ಆಗಸ್ಟಿನಲ್ಲಿ ಬೇಟೆ ಸಾಮಾನಿನ ಅಂಗಡಿಯ ಕಪಾಟಿನಲ್ಲಿ, ಕ್ಯಾಮೆರಾ ಡಬ್ಬಿಯ ಮೇಲೆ, ಆ ಹಸಿರು ಕಂಡದ್ದೇ ಎದೆ ಹೂವಾಯಿತು, ಡೆಲ್ಬರ್ಟ್ ಜೊತೆಗಿದ್ದ, ಅದು ಬೇಡ ಐಲಿ, ದನದ ಮೇವಿನ ಅಂಗಡೀಲಿ ಹೆಸರೂ ಊರೂ ಇಲ್ಲದ್ದೊಂದು ಸಿಗತ್ತೆ, ನಂದು ಅದೇ, ಇಲಿ ಮೀಸೆ ತಿರುವಿದ್ರೂ ಲೆಕ್ಕ ಹಾಕಿ ತೋರ್ಸತ್ತೆ. ಹೆಸರಿಲ್ಲದ್ದನ್ನು ನಾನು ಮನೆಗೆ ತರಲ್ಲ ಡೆಲ್ಬರ್ಟ್. ಹಾಗೆ ಅಂದಳು, ತಲೆ ಎತ್ತಿಕೊಂಡು. ಡಬ್ಬಿ ಬಿಚ್ಚಿದರೆ ಒಳಗೆ ಚೀಟಿ, ಪರೀಕ್ಷಿಸಿದವರು ಒಂಬತ್ತು, ಅಡುಗೆಮನೆಯಲ್ಲಿ ನಿಂತು ನಕ್ಕಳು, ಎಲ್ಲೋ ಒಬ್ಬಳು ಒಂಬತ್ತನೆಯವಳು ಇದ್ದಾಳೆ, ಸ್ಟೂಲಿನ ಮೇಲೆ, ಅವಳಿಗೂ ಸಂಜೆಗೆ ಕುತ್ತಿಗೆ ನೋಯುತ್ತದೆ. ಮತ್ತೊಮ್ಮೆ ಬ್ಯಾಟರಿಗೆಂದು ಹೋದಾಗ ಕಪಾಟಿನಲ್ಲಿ ತೆರೆದಿಟ್ಟ ಇನ್ನೊಂದು ಡಬ್ಬಿ, ಅದರಲ್ಲೂ ಒಂಬತ್ತು, ಅದರ ಪಕ್ಕದ್ದರಲ್ಲೂ ಒಂಬತ್ತು, ಒಂದೇ ಪಾಳಿಯಲ್ಲಿ ಒಬ್ಬಳೇ ಮೂರನ್ನೂ ನೋಡಿರಬಹುದು, ಯಾಕಾಗಬಾರದು, ಮುಚ್ಚಳ ಮುಚ್ಚಿ ಮನೆಗೆ ಬಂದಳು, ಯಾರಿಗೂ ಹೇಳಲಿಲ್ಲ, ತನಗೂ ಸರಿಯಾಗಿ ಹೇಳಿಕೊಳ್ಳಲಿಲ್ಲ — ಅನುಮಾನ ಬಂತಾ ಹುಡುಗಿ.

ಕ್ಯಾಮೆರಾ ಜಿಂಕೆಗಾಗಿ ಎಂದು ಅರ್ವಿಗೆ ಹೇಳಿದ್ದಳು. ಡಾಕ್ಟರು ಬಾಗಿಲಿಗೆ ಬೀಗ ಹಾಕಿ ಅಂದಿದ್ದರು, ಎತ್ತರದಲ್ಲಿ, ಅವರ ಕೈಗೆ ಎಟುಕದ ಹಾಗೆ, ಬೀಗ ತಂದಳು, ಒಂದು ದಿನ ಹಾಕಿದಳು, ಅವನು ಬಾಗಿಲ ಮುಂದೆ ಬೂಟು ಹಾಕಿಕೊಂಡು ಮಧ್ಯಾಹ್ನದವರೆಗೂ ನಿಂತಿದ್ದ, ಗಲಾಟೆ ಮಾಡಲಿಲ್ಲ, ಬಸ್ಸಿಗೆ ಕಾಯುವವನ ಹಾಗೆ, ಅಷ್ಟೇ ಸಾಕಾಯಿತು, ಬೀಗ ತೆಗೆದು ಬಾವಿಗೆ ಹಾಕಿದಳು. ಬಂದೂಕಿನ ಬೋಲ್ಟನ್ನು, ಅದಿಲ್ಲದೆ ಗುಂಡು ಹಾರದು, ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟು, ಕಾಡನ್ನು ಅವನಿಗೇ ಬಿಟ್ಟಳು, ಅವನು ದಾಟಿದರೆ ಚಿತ್ರ ಫೋನಿಗೆ ಬರುತ್ತದೆ, ತಾನು ಇಲ್ಲಿ ಹಿಟ್ಟು ನಾದುತ್ತಾ ನೋಡಬಹುದು, ಹೋದ, ಬಂದ, ಅವನ ಬೆನ್ನ ಹಿಂದೆ ನಡೆದು ಅವಮಾನ ಮಾಡುವ ಅಗತ್ಯವಿಲ್ಲ. ಸಂಜೆ ಇಬ್ಬರೂ ಮೇಜಿನ ಹತ್ತಿರ ಕೂತು ದಿನದ ಚಿತ್ರ ನೋಡುತ್ತಿದ್ದರು, ಏಲಕ್ಕಿ ಬ್ರೆಡ್ಡು, ಕಾಫಿ, ಖಾಲಿ ಕಾಡು, ಖಾಲಿ ಕಾಡು, ಜಿಂಕೆಯ ಹಿಂಗಾಲು, ಖಾಲಿ ಕಾಡು, ಬಾಲ, ಇದು ಬಾಲಗಳ ಕ್ಯಾಮೆರಾ ಕಣೇ ಮುದುಕಿ, ಈ ಸಲ ಬರೀ ಬಾಲ ಹೊಡ್ಕೊಂಡು ಬರ್ತೀನಿ, ಸಾರು ಮಾಡು, ಎಂದು ನಗುತ್ತಿದ್ದ, ಗಾಳಿಗೆ ಎಲೆ ಅಲ್ಲಾಡಿರುತ್ತೆ, ಅನ್ನುತ್ತಿದ್ದಳು ಅವಳು, ಜಿಂಕೆ ಓಡುತ್ತಿರುತ್ತೆ, ಚಳಿಗೆ ಬ್ಯಾಟರಿ ಸೋಮಾರಿಯಾಗಿರುತ್ತೆ. ಕ್ಲಿಫ್ ಒಮ್ಮೆ ಇಲ್ಲೇ ಕೂತು ಅಂದಿದ್ದ, ನಿಮ್ಮ ಕ್ಯಾಮೆರಾ ಜಿಂಕೆ ಮನೆ ಮುಟ್ಟಿದ ಮೇಲೆ ಎದ್ದು ವಿಳಾಸ ಕೇಳತ್ತೆ ಐಲಿ, ಎಲ್ಲರೂ ನಕ್ಕರು, ಅವಳು ಅವನಿಗೆ ಎರಡನೆಯ ಲೋಟ ಕಾಫಿ ಕೊಡಲಿಲ್ಲ. ಅರ್ವಿ ಮಾತ್ರ ಅದನ್ನು ಗಮನಿಸಿ ತನ್ನ ಲೋಟವನ್ನೇ ಮೆಲ್ಲಗೆ ಕ್ಲಿಫ್‌ನ ಮುಂದೆ ತಳ್ಳಿದ, ಆಮೇಲೆ ಅವಳ ಕಡೆ ನೋಡಿ, ನೀನು ಮಾಡಿದ್ದೆಲ್ಲ ಚೆನ್ನಾಗೇ ಇತ್ತು ಅಂದ, ದೂರದರ್ಶಕದ ಬಗ್ಗೆಯೋ ಕ್ಯಾಮೆರಾದ ಬಗ್ಗೆಯೋ, ಅವನಿಗೆ ಎರಡೂ ಒಂದೇ ಆಗಿತ್ತು, ಅವಳಿಗೂ ಹಾಗೇ ಆಗಿತ್ತಲ್ಲ, ಮರೆವು ಅವನಿಗೆ ಬಂದದ್ದು, ಅವಳಿಗೇನಾಗಿತ್ತು.

ಫೋನು ಮೇಜಿನ ಮೇಲೆ ಗುಂಯ್ ಎಂದು ಹೊರಳಿತು. ಹೊಸ ಚಿತ್ರ. ರೋಸಲಿ ಒದ್ದೆ ಕೈಯಲ್ಲೇ ಓಡಿ ಬಂದಳು, ಬಂದ್ನಾ, ಅರ್ವಿನಾ, ಅಲ್ಲ — ಖಾಲಿ ಕಾಡು, ಬರ್ಚ್, ಜರಿಗಿಡ, ದಾರಿ, ಬಲ ಅಂಚಿನಲ್ಲಿ ಒಂದು ಚೂರು ನೀಲಿ. ನೀಲಿ ಯಾವುದು. ಅದು ನಮ್ಮ ಡೆಲ್ಬರ್ಟನ ಬೆನ್ನುಚೀಲ ಅಲ್ವಾ, ಅಂದಳು ರೋಸಲಿ, ಸದ್ಯ, ದಾಟಿದರು, ಹುಲ್ಲುಗಾವಲಿನ ಕಡೆಯಿಂದ ಹೋಗಿ ಗುಡ್ಡದ ದಾರಿ ಹಿಡಿದರು, ಅವನೇ ಕೊನೇಲಿ ಬರ್ತೀನಿ ಅಂದಿದ್ದ. ಕೊನೆಯಲ್ಲಿ. ನಾಲ್ಕು ಜನ ಎಡದಿಂದ ಬಂದು, ಒಬ್ಬರ ಹಿಂದೊಬ್ಬರು, ದೊಡ್ಡ ಬೂಟು, ಹಗ್ಗ, ಟಾರ್ಚು, ಇಡೀ ಚಿತ್ರದ ಉದ್ದಕ್ಕೂ ನಡೆದು ಬಲಕ್ಕೆ ದಾಟಿದ್ದಾರೆ, ಕ್ಯಾಮೆರಾ ಕಣ್ಣು ಬಿಡುವ ಹೊತ್ತಿಗೆ ಉಳಿದದ್ದು ನಾಲ್ಕನೆಯವನ ಚೀಲದ ಅಂಚು. ಕಾಲು ಸೆಕೆಂಡಲ್ಲ, ಒಂದಲ್ಲ, ಎರಡಲ್ಲ, ಐಲಿ ಮನಸ್ಸಿನಲ್ಲೇ ಅವರನ್ನು ಮತ್ತೆ ನಡೆಸಿದಳು, ಒಂದು, ಎರಡು, ಮೂರು, ಅನುಮಾನ ಬಂತಾ ಹುಡುಗಿ, ನಾಲ್ಕು — ಬಲಕ್ಕೆ ಹೋದವರು ಬಲ ಅಂಚಿನಲ್ಲಿ ಕಾಣುತ್ತಾರೆ. ಎಡ ಅಂಚಿನಲ್ಲಿ ಕಂಡವನು ಎಡಕ್ಕೆ ಹೋದವನು.

ಡೆಲ್ಬರ್ಟಿಗೆ ಫೋನು ಮಾಡು, ಅಂದಳು ಐಲಿ, ರೋಸಲಿ ಮಾಡಿದಳು, ಮತ್ತೆ ಮಾಡಿದಳು, ನೀವು ಕರೆ ಮಾಡಿದವರು ಎನ್ನುವ ಹೆಂಗಸಿನ ದನಿ, ಗುಡ್ಡದ ಕಡೆ ಹೋದರೆ ಸಿಗ್ನಲ್ ಇಲ್ಲ, ಎಲ್ಲರಿಗೂ ಗೊತ್ತಿರುವುದೇ, ಯಾಕೆ ಐಲಿ, ಏನಾಯ್ತು, ಜೌಗಿಗೆ ಹೋಗಿದ್ದಾನೆ ರೋಸಲಿ, ನಾನು ತಪ್ಪು ಹೇಳಿದೆ. ರೋಸಲಿ ತನ್ನ ಟ್ರಕ್ಕಿಗೆ ಓಡಿ, ಸೀಟಿನ ಹಿಂದಿನ ಹಳೆಯ ಜೋಡುನಳಿಗೆ ಬಂದೂಕು ತೆಗೆದುಕೊಂಡು ಜಗಲಿಗೆ ಬಂದಳು, ಮೂರು ಸಲ ಹೊಡೆದರೆ ಹಿಂದಕ್ಕೆ ಬನ್ನಿ ಎಂದು ಅರ್ಥ, ಇಲ್ಲಿಯ ಮಕ್ಕಳಿಗೂ ಗೊತ್ತು. ಎರಡು ಹೊಡೆದಳು, ತೋಟಾ ತುಂಬಿದಳು, ಮೂರನೆಯದು. ಕಿಟಕಿಯ ಗಾಜು ನಡುಗಿ ನಿಂತಿತು. ಆಮೇಲೆ ಕೆರೆಯ ಕಡೆಯಿಂದ ಒಂದು ಈಡು, ಹಳೆಯ ಗಣಿಯ ಕಡೆಯಿಂದ ಎರಡು, ಹೆದ್ದಾರಿಯ ಆಚೆ ಒಟ್ಟಿಗೆ ಮೂರು, ನಾಲ್ಕು — ನಾಳೆ ಬೇಟೆ ಶುರು, ಇವತ್ತು ಮಧ್ಯಾಹ್ನದಿಂದ ಪ್ರತಿ ಮನೆಯ ಹಿತ್ತಿಲಲ್ಲೂ ಗುರಿ ಸರಿಮಾಡಿಕೊಳ್ಳುತ್ತಿದ್ದಾರೆ, ಹಲಗೆಗೆ ಕಾಗದದ ಜಿಂಕೆ ಅಂಟಿಸಿ, ಒಂದು ಹೊಡೆದು, ನೋಡಿ, ಇನ್ನೆರಡು ಹೊಡೆದು, ಇಡೀ ಸೀಮೆಯೇ ಮೂರು ಮೂರಾಗಿ ಹೊಡೆಯುತ್ತಿದೆ, ಗುಡ್ಡದ ದಾರಿಯಲ್ಲಿರುವ ನಾಲ್ವರಲ್ಲಿ ಯಾರು ತಾನೇ ತಿರುಗಿ ನೋಡಿಯಾರು. ರೋಸಲಿ ಮತ್ತೆ ಹೊಡೆದಳು. ನಾನೇ ಹೋಗಿ ಕರ್ಕೊಂಡು ಬರ್ತೀನಿ, ನೀವು ಇಲ್ಲೇ ಇರಿ, ಅವನು ಬಂದ್ರೆ ಮನೇಲಿ ಯಾರಾದರೂ ಬೇಕಲ್ವಾ — ಎಂದು ಜಗಲಿಯಿಂದಲೇ ಕೂಗಿದಳು, ಒಳ್ಳೆಯ ಹೆಂಗಸು, ಅವನು ಬಂದ್ರೆ ಅಂದಳು, ಟ್ರಕ್ಕಿನ ಸದ್ದು ದೂರವಾಯಿತು. ಗುಡ್ಡದ ಬುಡಕ್ಕೆ ಹತ್ತು ನಿಮಿಷ, ಹತ್ತಲು ಅರ್ಧ ಗಂಟೆ, ಇಳಿಯಲು, ಮತ್ತೆ ಜೌಗಿಗೆ, ಐಲಿ ಲೆಕ್ಕ ನಿಲ್ಲಿಸಿದಳು. ಕಿಟಕಿಯ ಆಚೆ ಮೊದಲ ಹಿಮ, ಬೀಳುವುದೋ ಬೇಡವೋ ಎನ್ನುವ ಹಾಗೆ, ಕೈಗವಸು ಒಲೆಯ ಮೇಲೆ, ಕಡುಬು ತಟ್ಟೆಯ ಕೆಳಗೆ. ಅವಳು ಕೋಟು ಎತ್ತಿಕೊಂಡಳು, ಒಂದು ತೋಳಿಗೆ ಕೈ ತೂರಿಸಿ ಹಾಗೇ ನಿಂತಳು — ಆವತ್ತು ಇಲ್ಲೇ, ಜಾಕೆಟ್ಟು ಬಿಚ್ಚು ಅಂದರೆ ಅರ್ವಿ ಬಿಚ್ಚಲಿಲ್ಲ, ಚಳಿ, ಹಾಕ್ಕೊಂಡಿರೋವಾಗಲೇ ಹೊಲಿ, ಎಂದು ಕೈ ಚಾಚಿ ಕೂತ, ಅಲ್ಲಾಡಬೇಡ ಚುಚ್ಚತ್ತೆ, ಅಲ್ಲಾಡಲ್ಲ, ಸೂಜಿ ಹೋಗಿ ಬರುವಷ್ಟು ಹೊತ್ತೂ ಉಸಿರು ಬಿಗಿಹಿಡಿದು ಮಗುವಿನ ಹಾಗೆ ಕೂತಿದ್ದ, ಕೊನೆಯಲ್ಲಿ ಕತ್ತರಿ ಕೈಗೆ ಸಿಗದೆ ಅವಳು ಬಾಗಿ ಹಲ್ಲಿನಿಂದಲೇ ದಾರ ಕಡಿದಳು, ಆಯ್ತಾ ಅಂದ, ಆಯ್ತು, ಇನ್ನು ಹೋಗಬಹುದಾ ಅಂದ, ಹೋಗು — ಫೋನಿನ ಬೆಳಕು ಆರಿತು, ಬೆರಳಿಟ್ಟಳು, ಹೊತ್ತಿಕೊಂಡಿತು, ಹಿಂದಿನ ಚಿತ್ರಕ್ಕೆ ಸರಿಸಿದಳು, ಖಾಲಿ ಕಾಡು, ಬರ್ಚ್, ಜರಿಗಿಡ, ಎಡ ಅಂಚಿನಲ್ಲಿ ಕಿತ್ತಳೆ ತೋಳು, ಕೆಂಪು ದಾರ, ಆರಿತು, ಬೆರಳಿಟ್ಟಳು, ಎಡ ಅಂಚಿನಲ್ಲಿ ಕಿತ್ತಳೆ ತೋಳು, ಕೆಂಪು ದಾರ, ಅದರಾಚೆ ಇರಬೇಕಾದ ಕೈ ಚಿತ್ರದಲ್ಲಿಲ್ಲ