ಮಾವನ ಕೈಗುಣ

ಬೆಳಿಗ್ಗೆ ತಂದ ಸೊಪ್ಪು ಸಂಜೆಗೆ ಬಾಡಿ ಕೂರುತ್ತದೆ. ಕಟ್ಟು ಬಿಚ್ಚಿದರೆ ಹೊರಗಿನ ಎಲೆ ಹಸಿರು, ಒಳಗೆ ಕೈ ಹಾಕಿದರೆ ಲೋಳೆ. ಇದು ಯಾವುದೋ ಒಂದು ಮನೆಯ ಮಾತಲ್ಲ. ಮೂರನೇ ಮಹಡಿಯ ಟೈಲರಕ್ಕನ ಮನೆಯಲ್ಲೂ ದಿನಾ ಇದೇ ಗೊಣಗಾಟ.

ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆಮೂಲೆ. ಮುಂದೆ ಒಂದು ಬಾಲ್ಕನಿ. ಒಬ್ಬರು ಹೊರಟರೆ ಇನ್ನೊಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು, ಅಷ್ಟು ಕಿರಿದು. ಕಿಟಕಿಯ ಬೆಳಕಿಗೆ ಹೊಲಿಗೆ ಮಿಷನ್ನು. ಬಾಲ್ಕನಿಯ ತಂತಿಯ ಮೇಲೆ ಗಿರಾಕಿಗಳ ಬಟ್ಟೆ. ಗಂಡ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಅಪರೂಪ. ಇನ್ನು ಉಳಿದವರು ಮಾವ. ಆಯಸ್ಸೆಲ್ಲ ಸೊಪ್ಪಿನ ಪಾತಿಗಳ ನಡುವೆ ಕುಕ್ಕರಗಾಲಲ್ಲಿ ಕಳೆದ ಮನುಷ್ಯ. ಗುತ್ತಿಗೆಗೆ ಮಾಡುತ್ತಿದ್ದ ನೆಲದಲ್ಲಿ ಕಟ್ಟಡ ಎದ್ದ ಮೇಲೆ ಮಗನ ಮನೆ ಸೇರಿದ್ದರು.

ಒಂದು ದಿನ ಅವರೇ ಮಾತು ತೆಗೆದರು.

"ಅಮ್ಮಯ್ಯ, ಬಾಲ್ಕನಿ ಗೋಡೆ ಸುಮ್ಮನೆ ನಿಂತಿದೆಯಲ್ಲ, ಬೆಳಗಿನ ಬಿಸಿಲೂ ಬೀಳುತ್ತೆ. ಒಂದಿಷ್ಟು ಸೊಪ್ಪು ಹಾಕೋಣ್ವಾ?"

"ಗೋಡೆ ಮೇಲೆ ಅಂಟಿಕೊಂಡಿರೋಕೆ ಸೊಪ್ಪೇನು ಹಲ್ಲಿನಾ ಮಾವ?"

"ನೀನು ಜೇಬು ಹೊಲಿದು ಕೊಡು. ಮಣ್ಣು ತುಂಬೋ ಕೆಲಸ ನಂದು."

ಜೇಬು ಅಂದ ಕೂಡಲೇ ಟೈಲರಕ್ಕನಿಗೆ ಹುರುಪು ಬಂತು. ಹಳೇ ಜೀನ್ಸ್ ಬಟ್ಟೆ ಕತ್ತರಿಸಿ, ಒಂದರ ಕೆಳಗೊಂದು ಜೇಬು ಕೂರಿಸಿದಳು. ಎಲ್ಲದಕ್ಕೂ ಎರಡೆರಡು ಹೊಲಿಗೆ. ಸಾಲದ್ದಕ್ಕೆ ಹರಿದ ರೇನ್‌ಕೋಟು ಬಿಚ್ಚಿ ಒಳಗೆ ಅಸ್ತರು ಕೊಟ್ಟಳು. ಅವಳ ಕಸುಬಿನಲ್ಲಿ ಒಳ್ಳೇ ಜೇಬು ಅಂದರೆ ಒಂದು ಸಾಸಿವೆ ಕಾಳೂ ಉದುರಬಾರದು.

ಮಾವ ತಿರುಗಿಸಿ ತಿರುಗಿಸಿ ನೋಡಿದರು. ಮಿಷನ್ ಮೇಲಿದ್ದ ದಬ್ಬಳ ಕೈಗೆತ್ತಿಕೊಂಡರು.

"ತಳಕ್ಕೆ ನಾಲ್ಕು ತೂತು ಬೇಕಲ್ಲಮ್ಮಾ. ನೀರು ಇಳಿಯಬೇಕು."

"ಹೊಲಿದ ಜೇಬಿಗೆ ತೂತಾ! ಪಕ್ಕದಲ್ಲೇ ಗಿರಾಕಿ ಬಟ್ಟೆ ಒಣಗ್ತಿರುತ್ತೆ. ಅದಕ್ಕೆ ಕೆಸರು ಸಿಡಿದರೆ ಜನ ನನ್ನ ಸುಮ್ಮನೆ ಬಿಡ್ತಾರಾ? ಕೊಡಿ ಇಲ್ಲಿ."

ಮಾವ ದಬ್ಬಳ ಕೆಳಗಿಟ್ಟರು. ತೂತಿಲ್ಲದ ಜೇಬಿಗೇ ಮಣ್ಣು ತುಂಬಿ ಬೀಜ ಹಾಕಿದರು.

ಬೀಜ ಮೊಳೆಯಿತು. ಎಳೇ ಎಲೆ ತಲೆ ಎತ್ತಿದ್ದನ್ನು ಮಾವ ಮಗು ಎಬ್ಬಿಸುವ ಹಾಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಆಮೇಲೆ ಎಲೆ ಹಳದಿ ತಿರುಗಿತು. ದಂಟು ಬುಡದಲ್ಲೇ ಮೆತ್ತಗಾಗಿ ಮಲಗಿತು. ಚರಂಡಿ ವಾಸನೆ ಹೊಡೆಯತೊಡಗಿದಾಗ ಟೈಲರಕ್ಕ ಎಲ್ಲವನ್ನೂ ಕಿತ್ತು ಕಸಕ್ಕೆ ಹಾಕಿದಳು. ಹಾಕುತ್ತಾ ನಗುನಗುತ್ತಲೇ ಅಂದಳು:

"ನಿಮ್ಮ ಕೈಗುಣ ಊರಲ್ಲೇ ಉಳೀತು ಅಂತ ಕಾಣುತ್ತೆ ಮಾವ."

"ಇರಬಹುದಮ್ಮಾ," ಅಂದರು ಮಾವ. ಆಮೇಲೆ ಅವರ ಬಾಯಲ್ಲಿ ಸೊಪ್ಪಿನ ಮಾತು ಬರಲಿಲ್ಲ.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಮಾವನ ಕೈಯಿಂದ ಟೀ ಲೋಟ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಪಾರ್ಶ್ವವಾಯು. ಆಸ್ಪತ್ರೆಯಿಂದ ಮನೆಗೆ ಬಂದಾಗ ನಾಲಿಗೆ ಒಂದಿಷ್ಟು ತೊದಲುತ್ತಿತ್ತು, ಬಲಗೈ ಮಾತ್ರ ಅವರದಲ್ಲ ಅನ್ನುವ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು.

ಕೆಳಗಿನ ಮಹಡಿಯ ನರ್ಸಮ್ಮ ಆ ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದಳು. ಇಡೀ ಕಟ್ಟಡಕ್ಕೆ ಅವಳು ಸೂಜಿಯಕ್ಕ.

"ಡಾಕ್ಟರು ಹೇಳಿದಷ್ಟು ಸೊಪ್ಪು ತರಕಾರಿ ತಿಂತಿದಾರಾ?" ಕೇಳಿದಳು ಒಂದು ಸಂಜೆ.

"ಬಾಡಿದ ಸೊಪ್ಪು ಕಂಡರೆ ಮುಖ ತಿರುಗಿಸ್ತಾರೆ ಅಕ್ಕಾ."

"ಮನೇಲೇ ಬೆಳೀಬಾರದಾ?"

"ಅಯ್ಯೋ, ಅದೂ ಆಯ್ತು. ನಿಮ್ಮಂಥವರು ಹೇಳಿಬಿಡ್ತೀರಿ. ಈ ಬೆಂಕಿಪೊಟ್ಟಣದಲ್ಲಿ ಏನು ಬೆಳೆಯುತ್ತೆ?"

"ನಂದೂ ಬೆಂಕಿಪೊಟ್ಟಣಾನೇ ಕಣೇ. ಬಾ, ನೋಡು."

ಟೈಲರಕ್ಕ ಹೋಗಿ ನೋಡಿದಳು. ಅದೇ ಅಳತೆಯ ಬಾಲ್ಕನಿ. ಗೋಡೆಗೆ ತಾಗದ ಹಾಗೆ ಒಂದು ಮರದ ಪಟ್ಟಿ, ಅದರಿಂದ ಇಳಿಬಿಟ್ಟ ಗೋಣಿಬಟ್ಟೆ, ಗೋಣಿಯ ತುಂಬ ಜೇಬುಗಳು. ಮೇಲೆ ಲೆಟ್ಯೂಸ್, ನಡುವೆ ಪಾಲಕ್, ಕೆಳಗೆ ಮೂಲಂಗಿಯ ಎಳೇ ಸೊಪ್ಪು. ಅದಕ್ಕೂ ಕೆಳಗೆ, ನೆಲದ ಮೇಲೆ ಒಂದು ಟಬ್ಬು, ಅದರೊಳಗೆ ತೊಟ್ ತೊಟ್ ಅಂತ ನೀರು.

"ಅಕ್ಕಾ, ಸೋರ್ತಿದೆ!"

"ಸೋರಬೇಕು ಕಣೇ. ನಿಂತ ನೀರಲ್ಲಿ ಬೇರಿಗೆ ಉಸಿರೆಲ್ಲಿ? ಕೊಳೆತು ಹೋಗುತ್ತೆ. ಜೇಬಿಗೆ ತೂತು ಇಲ್ಲದಿದ್ದರೆ ಅದು ಗಿಡದ ಗೋರಿ. ಸೂಜಿ ಹಿಡಿಯೋ ನಿನಗೆ ನಾನು ತೂತಿನ ಪಾಠ ಹೇಳಬೇಕಾ?"

ಟೈಲರಕ್ಕ ನಗಲಿಲ್ಲ. ಟಬ್ಬಿಗೆ ಬೀಳುವ ಹನಿಯನ್ನೇ ನೋಡುತ್ತಾ ನಿಂತಳು. ಆಮೇಲೆ ಹೇಳದೆ ಕೇಳದೆ ಮೆಟ್ಟಿಲು ಹತ್ತಿದಳು.

ಮಾವ ಕಿಟಕಿಯ ಹತ್ತಿರ ಕೂತಿದ್ದರು.

"ಮಾವ, ಆವತ್ತು ಕೆಟ್ಟಿದ್ದು ನಿಮ್ಮ ಕೈಗುಣದಿಂದಲ್ಲ. ನನ್ನ ಹೊಲಿಗೆಯಿಂದ."

"ಗೊತ್ತಮ್ಮಾ."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

ಮಾವ ತೊದಲುತ್ತಾ ಅಂದರು, "ಹೇಳಿದ್ನಲ್ಲ."

ಮಾರನೇ ದಿನ ಟೈಲರಕ್ಕ ಗಿರಾಕಿಗಳ ಬಟ್ಟೆಯನ್ನು ಒಳಗೆ ಕಟ್ಟಿದ ಹಗ್ಗಕ್ಕೆ ವರ್ಗಾಯಿಸಿದಳು. ಗೋಣಿಚೀಲ ತೊಳೆದು ಜೇಬು ಹೊಲಿದಳು, ಅಸ್ತರು ಇಲ್ಲದೆ. ತಳಕ್ಕೆ ದಬ್ಬಳದಿಂದ ತೂತು ಹಾಕಿದಳು. ಸೂಜಿಯಕ್ಕ ತನ್ನಲ್ಲಿದ್ದ ಬೀಜ ತಂದು ಕೊಟ್ಟಳು. ಮಾವ ಕುರ್ಚಿಯಲ್ಲಿ ಕೂತು ಒಂದೊಂದೇ ಮಾತು ಬಿಡಿಸಿ ಹೇಳಿದರು. ಬರೀ ಮಣ್ಣು ಬೇಡ, ಗಟ್ಟಿಯಾಗುತ್ತೆ. ಚೆನ್ನಾಗಿ ಕಳಿತ ಗೊಬ್ಬರ ಮಣ್ಣಿನಷ್ಟೇ ಸೇರಿಸು, ಒಂದು ಹಿಡಿ ಮರಳು ಬೆರೆಸು. ಬೀಜ ಆಳಕ್ಕೆ ಹೂಳಬೇಡ. ಬೆರಳಿಟ್ಟು ನೋಡು, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ಮೇಲಿನ ಜೇಬಿಗೆ ಹಾಕು, ತಾನೇ ಇಳಿಯುತ್ತೆ. ಬಿಸಿಲು ಚುರುಕಾದರೆ ತೆಳು ಬಟ್ಟೆ ಇಳಿಬಿಡು.

ಹೇಳುವಾಗೆಲ್ಲ ಅವರ ಎಡಗೈ ಗಾಳಿಯಲ್ಲಿ ಮಣ್ಣು ಬೆರೆಸುತ್ತಿತ್ತು.

ಸೊಪ್ಪು ಬಂತು. ಗಂಡ ಲಾರಿಯಿಂದಿಳಿದು ಬಂದವನು ಬಾಲ್ಕನಿ ಬಾಗಿಲಲ್ಲೇ ನಿಂತ. "ಇದು ನಮ್ಮ ಮನೇನಾ?" ಅಂದ. ಆಮೇಲೆ ತಾನೇ ಇನ್ನೊಂದು ಮರದ ಪಟ್ಟಿ ಹುಡುಕಿ ತಂದ.

ಮೊದಲ ಎಲೆ ಮಾವನೇ ಕೊಯ್ಯಲಿ ಅಂತ ಟೈಲರಕ್ಕ ಕುರ್ಚಿ ಹತ್ತಿರ ಸರಿಸಿದಳು. ಮಾವ ರೂಢಿಯಿಂದ ಬಲಗೈ ಎತ್ತಲು ನೋಡಿದರು. ಅದು ಏಳಲಿಲ್ಲ. ಎಡಗೈ ಚಾಚಿದರು; ಬೆರಳಿಗೆ ಹದ ಸಿಗದೆ ಗಿಡವೇ ಬೇರು ಸಮೇತ ಎದ್ದು ಬಂತು. ಮಣ್ಣು ಮಡಿಲಿಗೆ ಉದುರಿತು.

"ಹೊರಗಿನ ಎಲೆ ಮಾತ್ರ ಕೀಳಬೇಕು. ನಡುವಿನದು ಬಿಟ್ಟರೆ ಮತ್ತೆ ಬರುತ್ತೆ," ಅಂದರು, ತಪ್ಪು ಮಾಡಿದ ಹುಡುಗನ ಹಾಗೆ. ಆಮೇಲೆ ಗೋಡೆ ನೋಡುತ್ತಾ, "ಹೋದ ವರ್ಷ ಆಗಿದ್ದರೆ ನಾನೇ ಈ ಗೋಡೆ ಮುಚ್ಚಿಬಿಡ್ತಿದ್ದೆ ಅಮ್ಮಯ್ಯ."

ಟೈಲರಕ್ಕ ಎಲೆಗಳನ್ನು ತೊಳೆದು, ಸಣ್ಣಗೆ ಹರಿದು, ನಿಂಬೆರಸ ಹಿಂಡಿ ತಂದಳು. ಮಾವ ಅಗಿಯುವ ಕರಕರ ಸದ್ದು ಕೇಳುತ್ತಾ ಅವಳು ಪಕ್ಕದಲ್ಲೇ ಕೂತಳು. ಸಾಕು ಅನ್ನಲಿಲ್ಲ ಮಾವ. ಆದರೆ ಆ ಹೋದ ವರ್ಷವನ್ನು ತಂದುಕೊಡಲು ಅವಳಿಗೆ ದಾರಿ ಇರಲಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಜಾಗ ಇಲ್ಲ ಅನ್ನಬೇಡಿ. ಬೆಳಗಿನ ಬಿಸಿಲು ಬೀಳುವ ಒಂದು ಗೋಡೆ, ಒಂದು ಹಳೇ ಗೋಣಿಚೀಲ ಇದ್ದರೆ ಶುರು ಮಾಡಿ. ಗೋಣಿ ಸಿಗದೆ ಡಬ್ಬದಲ್ಲಿ ಬೆಳೆಸುವುದಾದರೆ ಬಣ್ಣ, ಕೀಟನಾಶಕ ತುಂಬಿದ್ದ ಡಬ್ಬ ಮಾತ್ರ ಮುಟ್ಟಬೇಡಿ. ತಳಕ್ಕೆ ತೂತು ಮರೆಯಬೇಡಿ. ನಿಮ್ಮ ಮನೆಯಲ್ಲಿ ಮಣ್ಣಿನ ಹದ ಬಲ್ಲ ಹಿರಿಯರಿದ್ದರೆ ಅವರನ್ನು ಕೇಳಿ, ಅವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಿ. ಮುಂದಿನ ವರ್ಷ ನೋಡೋಣ ಅನ್ನಬೇಡಿ. ಈ ವಾರವೇ ಅವರ ಅಂಗೈಗೆ ಬೀಜ ಸುರಿಯಿರಿ.