ಗದಿಗೆಮ್ಮನ ಪ್ರದಕ್ಷಿಣೆ

ನನಗೆ ಕೂತಲ್ಲಿ ಕೂತು ಗೊತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ನಮ್ಮ ಯಜಮಾನರು ಜಯತೀರ್ಥರಾಯರು ಮದುವೆಯಾದಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ತೆಲುಗು ಸೀಮೆಯ ಉಪ್ಪಲ್‌ನಲ್ಲಿರುವ ನಮ್ಮ ಕಾಲೊನಿಯ ಅಸೋಸಿಯೇಷನ್ನಿಗೆ ಅಧ್ಯಕ್ಷರು. ಕೂತಲ್ಲೇ ರೂಲ್ಸ್ ಬರೆಯುತ್ತಾರೆ. ಮನೆಗೆ ಕೂರುವವರು ಒಬ್ಬರಿದ್ದರೆ ಸಾಕು.

ಸಂಕ್ರಾಂತಿ ಕಳೆದ ಮೇಲೆ ಅಸೋಸಿಯೇಷನ್ನಿನವರು ಪಾರ್ಕಿನಲ್ಲಿ ಶಾಮಿಯಾನ ಹಾಕಿಸಿ, ಕೆಲಸದವರಿಗೆಲ್ಲ ಪುಕ್ಕಟೆಯಾಗಿ ಶುಗರ್ ಪರೀಕ್ಷೆ ಮಾಡಿಸಿದರು. ಫೋಟೋ ತೆಗೆಸಿಕೊಂಡರು, ಬಾಳೆಹಣ್ಣು ಹಂಚಿದರು. ನಮ್ಮ ಮನೆಗೆಲಸದ ಗದಿಗೆಮ್ಮನಿಗೆ ಶುಗರ್ ವಿಪರೀತ ಇತ್ತು. ಸುರಪುರದ ಕಡೆಯಿಂದ ಕೂಲಿಗೆ ಬಂದು, ಈ ಕಾಲೊನಿಯ ಗೋಡೆಗಳಿಗೆ ಇಟ್ಟಿಗೆ ಹೊತ್ತವಳು ಆಕೆ. ಈಗ ಅದೇ ಗೋಡೆಗಳ ಒಳಗೆ ನೆಲ ಒರೆಸುತ್ತಾಳೆ.

ಹಿಮಾಯತ್‌ನಗರದಿಂದ ಬಂದಿದ್ದ ಡಾಕ್ಟರ್ ವಿಶ್ವಜಿತ್ ನಮ್ಮ ಕನ್ನಡದ ಕಡೆಯವರೇ. “ಗುಳಿಗಿ ತಗೊಳ್ರಿ. ದಿನಾ ಒಂದು ತಾಸು ಬಿರಬಿರ ನಡೀರಿ. ಕಾಲು ಆಗಲೇ ಜೋಮು ಹಿಡದಾವ. ಹಿಂಗs ಬಿಟ್ರ ಕಾಲಿಗೇ ಕುತ್ತು ಬರ್ತದ” ಎಂದರು.

“ದಿನಾ ಐದು ಮನಿ ತಿರಗತೀನಲ್ರಿ?” ಎಂದಳು ಗದಿಗೆಮ್ಮ.

“ಅದು ದಣಿವು. ನಡಿಗಿ ಬ್ಯಾರೆ.”

ಆಕೆಯ ಮುಖ ಸಪ್ಪಗಾಯಿತು. ಆಕೆಯ ಅಣ್ಣ ಲಿಂಗಣ್ಣನಿಗೆ ಹೋದ ವರ್ಷ ಇದೇ ಕಾಯಿಲೆಯಿಂದ ಮೊಣಕಾಲ ಕೆಳಗೆ ಕತ್ತರಿಸಿದ್ದಾರೆ. ಈಗ ಅವನು ಬಾಗಿಲಲ್ಲಿ ಹೊರಸು ಹಾಕಿಕೊಂಡು ಕೂತು, ಹೋಗಿ ಬರುವವರನ್ನು ಎಣಿಸುತ್ತಾನೆ. “ಕಾಲು ಹೋದ್ರ ಕೂಲೀನೂ ಹೋತ್ರಿ ಅಕ್ಕಾರ” ಎಂದು ಮನೆ ಸೇರುವ ತನಕ ಹೇಳಿದ್ದನ್ನೇ ಹೇಳಿದಳು.

ವಾರ ಬಿಟ್ಟು ಕೇಳಿದೆ, ನಡೆಯುತ್ತಿದ್ದೀಯಾ ಎಂದು.

“ಎಲ್ಲಿ ನಡೀಲ್ರಿ?” ಎಂದಳು.

ನನಗೆ ರೇಗಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಬೈದು, ಮರುದಿನ ಬೆಳಿಗ್ಗೆ ನಾನೇ ಆಕೆಯ ಬಸ್ತಿಗೆ, ಆ ಕೂಲಿಯವರ ಕೇರಿಗೆ, ಹೋದೆ. ನೆಲ ನಿಜಕ್ಕೂ ಡೊಂಕಾಗಿತ್ತು. ಇದ್ದ ಓಣಿಯಲ್ಲಿ ಅರ್ಧ ತೆರೆದ ಚರಂಡಿ, ಇನ್ನರ್ಧದಲ್ಲಿ ಪೈಪಿಗೆಂದು ಅಗೆದು ಹಾಗೇ ಬಿಟ್ಟ ಗುಂಡಿ. ಮಿಕ್ಕ ಜಾಗದಲ್ಲಿ ಆಟೋಗಳು, ನೀರಿನ ಡ್ರಮ್ಮುಗಳು. ಮೂಲೆಯ ವೈನ್ಸ್ ಅಂಗಡಿಯ ಮುಂದೆ ನಾಯಿಗಳ ಹಿಂಡು. ನಾವಿಬ್ಬರೂ ಬಿರಬಿರ ನಡೆಯಲು ನೋಡಿದೆವು. ಹೆಜ್ಜೆ ಹೆಜ್ಜೆಗೂ ಬೈಕಿಗೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಳ್ಳಬೇಕು. ಯಾವನೋ ತೆಲುಗಿನಲ್ಲಿ, ಮುದುಕಿಯರು ಎಲ್ಲಿಗೆ ಓಡುತ್ತಿದ್ದೀರಿ ಎಂದು ನಕ್ಕ. ಒಂದು ತಾಸು ಇರಲಿ, ಒಂದು ಗಳಿಗೆಗೇ ನನ್ನ ಎದೆ ಬಡಿದುಕೊಳ್ಳತೊಡಗಿತು.

“ನಾಳಿಂದ ನಮ್ಮ ಪಾರ್ಕಿಗೆ ಬಾ” ಎಂದುಬಿಟ್ಟೆ.

ಬಂದಳು. ಸೀರೆ ಎತ್ತಿಕಟ್ಟಿ, ಚಪ್ಪಲಿ ಪಟಪಟ ಅನ್ನಿಸುತ್ತ ನನ್ನನ್ನೇ ಹಿಂದೆ ಹಾಕಿ ನಡೆದಳು. ಎರಡೇ ದಿನ. ಮೂರನೆಯ ಮಹಡಿಯ ಉಷಾ ವಾಟ್ಸಾಪ್ ಗುಂಪಿನಲ್ಲಿ ‘ಪಾರ್ಕು ಯಾರಿಗಾಗಿ?’ ಎಂದು ಬರೆದರು. ಅದರ ಕೆಳಗೆ ಹೆಬ್ಬೆರಳುಗಳ ಸಾಲೇ ಬಂತು. ಸಂಜೆಯೊಳಗೆ ಗೇಟಿಗೆ ಬೋರ್ಡು ಬಿತ್ತು: ಕೆಲಸದವರಿಗೆ ಪ್ರವೇಶವಿಲ್ಲ.

“ನಡೀ ಅಂತ ಇದೇ ಪಾರ್ಕಿನ್ಯಾಗ ಹೇಳಿಸಿದವರು ನೀವs ಅಲ್ಲೇನು?” ಎಂದು ಯಜಮಾನರ ಮೇಲೆ ಹರಿಹಾಯ್ದೆ.

“ನಡೀ ಅಂದದ್ದು ಖರೆ. ಇಲ್ಲೇ ನಡೀ ಅಂದಿಲ್ಲಲ್ಲ?”

“ಮತ್ತೆಲ್ಲಿ ನಡೀಬೇಕು, ನಿಮ್ಮ ತಲೀ ಮ್ಯಾಲೆ?”

“ರೂಲ್ಸ್ ಅಂದ್ರ ರೂಲ್ಸ್, ನಲಿನಿ. ಇವತ್ತು ಒಬ್ಬಾಕಿ, ನಾಳೆ ಇಡೀ ಬಸ್ತಿ ಬರ್ತದ.”

ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಚಾಪೆ ಕೆಳಗೆ ತೂರುವವರ ಎದುರು ರಂಗೋಲಿ ಕೆಳಗೆ ತೂರಬೇಕು, ಆದರೆ ಎಲ್ಲಿ ತೂರುವುದು? ಬೆಳಿಗ್ಗೆ ಹಾಲಿಗೆ ಹೋದಾಗ ಪಾರ್ಕಿನ ಬೇಲಿಯ ಆಚೆ ಹನುಮಪ್ಪನ ಗುಡಿ ಕಂಡಿತು. ನಮ್ಮವರೇ ವಂತಿಗೆ ಪಟ್ಟಿ ಎತ್ತಿ ಕಟ್ಟಿಸಿದ್ದು. ಸುತ್ತಲೂ ಬಿಳಿ ಟೈಲ್ಸಿನ ಅಗಲವಾದ ಹಾದಿ. ವೀಸಾ ಬೇಕೆಂದು ಚಿಲುಕೂರಿನ ಗುಡಿಗೆ ಹೋಗಿ ದೇವರನ್ನು ಸುತ್ತುವ ಊರು ಇದು. ಇಲ್ಲಿ ಗುಡಿ ಸುತ್ತುವವಳನ್ನು ತಡೆಯುವ ಗಂಡು ಹುಟ್ಟಿಲ್ಲ.

ನಾನು ಹೇಳಿಕೊಟ್ಟಂತೆ ಗದಿಗೆಮ್ಮ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಸುತ್ತತೊಡಗಿದಳು. ದಿನಾ ಒಂದು ತಾಸು, ಬಿರಬಿರ. ಯಜಮಾನರು ಬಾಲ್ಕನಿಯಿಂದ ನೋಡಿ, “ಏನು ಭಕ್ತಿ ಅದ ನೋಡು ಆಕೀಗೆ!” ಎಂದು ಕೈ ಮುಗಿದರು. ನಾನು ಅಡುಗೆಮನೆಗೆ ಹೋಗಿ ನಕ್ಕೆ. ಉಷಾ ಅಂತೂ ಆಕೆಯನ್ನು ಹಿಡಿದು ನಿಲ್ಲಿಸಿ, ತಮ್ಮ ಮಗಳು ಧನಶ್ರೀಗೆ ವರ ಗೊತ್ತಾಗಲಿ ಎಂದು ಅವಳ ಪರವಾಗಿಯೂ ನಾಲ್ಕು ಸುತ್ತು ಹಾಕಲು ಹೇಳಿದರು. ಗದಿಗೆಮ್ಮ ಹಾಕಿದಳು. ಯಾರ ಹೆಸರಿನ ಸುತ್ತಾದರೂ ಇಳಿಯುವುದು ಆಕೆಯ ಶುಗರೇ ತಾನೆ! ಬೇಸಿಗೆ ಬರುವಷ್ಟರಲ್ಲಿ ಅದು ಇಳಿದೂ ಇತ್ತು. ಆಕೆಗಿಂತ ನಾನೇ ಹೆಚ್ಚು ಮೆರೆದೆ.

ಧನಶ್ರೀಗೆ ವರ ಗೊತ್ತಾಯಿತು. ಉಷಾ ಖುಷಿಗೆ ಬುಟ್ಟಿ ತುಂಬ ತೆಂಗಿನಕಾಯಿ ತಂದು ಗುಡಿಯ ಮುಂದೆ ಒಡೆಸಿದರು.

ಮರುದಿನ ಬೆಳಿಗ್ಗೆ ನಾನು ಹೂ ತರಲು ಇಳಿದಾಗ ಉಷಾ ಗುಡಿಯ ಹಾದಿಯಲ್ಲಿ ಬಾಗಿ ನಿಂತಿದ್ದರು. ಬಿಳಿ ಟೈಲ್ಸಿನ ಮೇಲೆ ಹೆಜ್ಜೆಗೊಂದರಂತೆ ಕೆಂಪು ಗುರುತು. ಯಾರೋ ಕುಂಕುಮ ಚೆಲ್ಲಿದ್ದಾರೆಂದು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದವರು ಹಾಗೇ ಬೆರಳು ನೋಡುತ್ತ ನಿಂತರು. ಅದು ಹಸಿಯಾಗಿತ್ತು. ಅಷ್ಟರಲ್ಲಿ ಗುಡಿಯ ಹಿಂದಿನಿಂದ ಗದಿಗೆಮ್ಮ ಬಿರಬಿರ ಬಂದಳು, ಕೈ ಮುಗಿದುಕೊಂಡು. ಹೆಜ್ಜೆ ಇಟ್ಟಲ್ಲೆಲ್ಲ ರಕ್ತ.

“ನಿಲ್ಲs!” ಎಂದು ಚೀರಿದೆ.

“ಏನಾತ್ರಿ ಅಕ್ಕಾರ?”

ಅಂಗಾಲಿನಲ್ಲಿ ತೆಂಗಿನ ಚಿಪ್ಪಿನ ಚೂರು ಆಳವಾಗಿ ನಾಟಿತ್ತು. ಆಕೆಗೆ ಗೊತ್ತೇ ಆಗಿರಲಿಲ್ಲ. ಚೂಪು ಚಿಪ್ಪಿನ ಮೇಲೇ ಅದೆಷ್ಟು ಸುತ್ತು ಸುತ್ತಿದ್ದಳೋ. ಜೋಮು ಹಿಡಿದ ಕಾಲನ್ನು ಬರಿಗಾಲಲ್ಲಿ ನಡೆಸಿದವಳು ನಾನು. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

ಯಜಮಾನರೇ ಕಾರು ತೆಗೆದರು. ಸರ್ಕಾರಿ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗದಿಗೆಮ್ಮನನ್ನು ಮಂಚದ ಮೇಲೆ ಮಲಗಿಸಿದರು. ನಾನು ಹೆಗಲು ಹಿಡಿದಿದ್ದೆ. ನರ್ಸು ಯಜಮಾನರ ಕಡೆ ತಿರುಗಿ, ಸುಮ್ಮನೆ ನಿಲ್ಲಬೇಡಿ, ಕಾಲು ಹಿಡಿದುಕೊಳ್ಳಿ ಎಂದು ತೆಲುಗಿನಲ್ಲಿ ಗದರಿದಳು. ಅವರು ಹಿಂದುಮುಂದು ನೋಡಿ, ಬಾಗಿ, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದರು.

ಅಲ್ಲಿನ ಡಾಕ್ಟರು ಚೂರು ತೆಗೆದು, ಗಾಯ ಮಾಯುತ್ತದೆ ಎಂದರು. ಆದರೆ ಇನ್ನು ಮುಂದೆ ಈ ಕಾಲು ಬರಿನೆಲಕ್ಕೆ ತಾಗಬಾರದು. ಮಾಯ್ದ ಮೇಲೆ ಬೂಟು ಹಾಕಿಕೊಂಡೇ ನಡೆಯಬೇಕು. ಹಾಗೆಂದು ನಡೆಯುವುದನ್ನು ಬಿಟ್ಟರೆ ಕಾಲಿನ ಆಸೆಯನ್ನೂ ಬಿಡಬೇಕು.

ನಾನು ಯಜಮಾನರ ಮುಖ ನೋಡಿದೆ. ಅವರು ಗಂಟಲು ಸರಿಮಾಡಿಕೊಂಡರು.

“ಗದಿಗೆಮ್ಮಾ, ಬೂಟು ನಾ ಕೊಡಸ್ತೀನಿ. ಬೂಟು ಹಾಕ್ಕೊಂಡೇ ಗುಡಿ ಸುತ್ತು. ಯಾರರೆ ಕೇಳಿದ್ರ ನನ್ನ ಹೆಸರು ಹೇಳು. ದೇವರು ಕ್ಷಮಾ ಮಾಡ್ತಾನ.”

ಮಡಿಬಟ್ಟೆಗೆ ನನ್ನ ಸೆರಗು ತಾಗಿದರೆ ಹಾರಾಡುವ ಮನುಷ್ಯ! ಹನುಮಪ್ಪನ ಸುತ್ತ ಬೂಟು ಬಿಡಲು ತಯಾರು, ಪಾರ್ಕಿನೊಳಗೆ ಈಕೆಯನ್ನು ಬಿಡಲು ತಯಾರಿಲ್ಲ. ಬಾಯಿಗೆ ಬಂದದ್ದನ್ನು ಅಲ್ಲೇ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಗದಿಗೆಮ್ಮನೇ ಮೊದಲು ಮಾತಾಡಿದಳು.

“ಬ್ಯಾಡ್ರಿ ಸಾಹೇಬ್ರ. ಈ ಊರಾಗ ನನ್ನ ತಡೀಲಾರದಾವ ಆ ಹನುಮಪ್ಪ ಒಬ್ಬನs. ಆತಗs ಬೂಟು ತೋರಸ್ಲೇನ್ರಿ?”

ನರ್ಸು ಬ್ಯಾಂಡೇಜು ಸುತ್ತುತ್ತಲೇ ಇದ್ದಳು. ಗದಿಗೆಮ್ಮ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು.

“ಕಾಲು ಬಿಟ್ರೇನ್ರಿ ಸಾಹೇಬ್ರ?” ಎಂದು ಕೇಳಿದಳು.

“ಇಲ್ಲವ್ವಾ, ಹಿಡದೀನಿ.”

“ಗೊತ್ತಾಗವಲ್ದು ನೋಡ್ರಿ.”

ಅವರು ಇನ್ನಷ್ಟು ಗಟ್ಟಿಯಾಗಿ ಹಿಡಿದರು. ಆಕೆ ಬಾಗಿಲ ಕಡೆಯೇ ನೋಡುತ್ತಿದ್ದಳು.