ಅವರ ಪೆಟ್ಟಿಗೆ

ನಾನು ಬರೆಯುವುದನ್ನು ಮನುಷ್ಯರು ಓದುವುದಿಲ್ಲ. ಹೀಗೆಂದರೆ ತಮಿಳುನಾಡಿನ ನಮ್ಮೂರು ತೇವಾರಂನಲ್ಲಿ ಎಲ್ಲರಿಗೂ ನಗು. ನಗಲಿ. ದಿಂಡಿಗಲ್ಲಿನ ಒಂದು ಸಣ್ಣ ಕಂಪನಿ ನಕ್ಷೆ ಬಿಡಿಸುವ ಆ್ಯಪ್ ಮಾಡುತ್ತಿದೆ. ನೀವು ಬಾಯಲ್ಲಿ ಹೇಳಿದ್ದನ್ನು ಎಐ ಏಜೆಂಟ್ ಕೇಳಿಸಿಕೊಂಡು ಆ್ಯಪಿನ ಒಂದು ಫಂಕ್ಷನ್ನಿಗೆ ಒಪ್ಪಿಸುತ್ತದೆ, ಅದು ಪೆಟ್ಟಿಗೆ, ಗೆರೆ, ಬಾಣ ಹಾಕಿ ನಕ್ಷೆ ಮಾಡಿಕೊಡುತ್ತದೆ. ಆ ಫಂಕ್ಷನ್ನನ್ನು ಹೇಗೆ ಬಳಸಬೇಕು ಎಂದು ಏಜೆಂಟಿಗೆ ಅರ್ಥವಾಗುವ ಹಾಗೆ ಬರೆದುಕೊಡುವವಳು ನಾನು, ಸರಣ್ಯಾ. ಮನುಷ್ಯನಿಗೆ ಅನುಮಾನ ಬಂದರೆ ಪಕ್ಕದವನನ್ನು ಕೇಳುತ್ತಾನೆ. ಏಜೆಂಟು ನಾನು ಬರೆದದ್ದನ್ನೇ ನಂಬುತ್ತದೆ.

ಆ ದಿನ ಬೆಳಿಗ್ಗೆಯಿಂದ ಕಂಪನಿಯ ಯಜಮಾನ ರಾಮ್‌ಕುಮಾರ್ ನನ್ನ ಬೆನ್ನು ಬಿದ್ದಿದ್ದ. ಮಧ್ಯಾಹ್ನದೊಳಗೆ ಬರಹ ಮುಗಿಯಬೇಕಂತೆ. ಹೆಸರಿಲ್ಲದ ಪೆಟ್ಟಿಗೆ ನಕ್ಷೆಯಲ್ಲಿ ಅಸಹ್ಯವಾಗಿ ಕಾಣುತ್ತದಂತೆ, ಅಂಥದ್ದನ್ನು ಬಿಟ್ಟುಬಿಡು ಎಂದು ಏಜೆಂಟಿಗೆ ಹೇಳಬೇಕಂತೆ. ವಾದ ಮಾಡಲು ಪುರುಸೊತ್ತಿರಲಿಲ್ಲ. ‘ಪ್ರತಿ ಪೆಟ್ಟಿಗೆಗೂ ಹೆಸರು ಕಡ್ಡಾಯ. ಹೆಸರು ಸಿಗದ ಪೆಟ್ಟಿಗೆಯನ್ನು ಬಿಡಿಸಬೇಡ’ ಎಂದು ಬರೆದೆ. ಚೊಕ್ಕವಾಗಿದೆ ಎಂದು ನನಗೇ ಅನ್ನಿಸಿತು.

ಪರೀಕ್ಷೆ ಮಾಡಲು ಏನಾದರೂ ಬೇಕಿತ್ತು. ಅಷ್ಟರಲ್ಲಿ ಅಪ್ಪನ ತಮ್ಮ, ಚಿತ್ತಪ್ಪ ತಂಗರಾಜ್‌ನಿಂದ ಮೆಸೇಜು ಬಂತು. ನಮ್ಮ ತೋಟದ ಬಾವಿಯಲ್ಲಿ ಪೈಪು ಕಳಚಿಕೊಂಡಿದೆ, ರಿಪೇರಿಗೆ ಬಂದಿದ್ದೇನೆ, ಯಾವ ಮೋಟರಿಗೆ ಯಾವ ಕರೆಂಟು ಲೈನು ಎಂದು ಯಾರಿಗಾದರೂ ಗೊತ್ತಾ? ಅವನು ಬೋಡಿಯಲ್ಲಿ ಏಲಕ್ಕಿ ವ್ಯಾಪಾರಿ, ತೋಟದ ಕಡೆ ತಲೆ ಹಾಕುವುದೇ ಅಪರೂಪ. ತೋಟ ನೋಡಿಕೊಳ್ಳುವವಳು ಅವನ ತಾಯಿ, ನನ್ನ ಅಜ್ಜಿ ಗೋವಿಂದಮ್ಮಾಳ್. ನಾನು ಅಜ್ಜಿಯ ಮುಂದೆ ಫೋನ್ ಹಿಡಿದೆ. ನನ್ನ ಪರೀಕ್ಷೆಯೂ ಆಗುತ್ತದೆ, ಚಿತ್ತಪ್ಪನ ಕೆಲಸವೂ ಆಗುತ್ತದೆ.

ಅಜ್ಜಿ ಕೆಮ್ಮಿ, ಸೆರಗು ಸರಿಮಾಡಿಕೊಂಡು, ಫೋನಿಗೆ ಮರ್ಯಾದೆ ಕೊಟ್ಟು ಹೇಳಿದಳು. "ಪಕ್ಕದ ತೋಟದ ಪಿಚ್ಚೈ ಪಾಲಿಂದು ಒಂದು ಲೈನು ಐತೆ. ನಮ್ಮ ತಂಗರಾಜ್ ಹೆಸ್ರಾಗೆ ಒಂದು. ಆಮೇಲೆ ಅವ್ರುದು ಒಂದು. ಎಲ್ಲಾ ಬಾವಿಗೇ ಹೋಗ್ತವೆ."

ಕನ್ನಡ, ತಮಿಳು, ಎರಡೂ ಕಲಸಿದ್ದು, ಏಜೆಂಟಿಗೆ ಯಾವುದಾದರೂ ಸರಿಯೇ. ನಕ್ಷೆ ಮುದ್ದಾಗಿ ಬಂತು. ಬಣ್ಣದ ಪೆಟ್ಟಿಗೆಗಳು, ನೆಟ್ಟಗಿನ ಬಾಣಗಳು, ಕೆಳಗೆ ನೀಲಿ ಬಾವಿ. ನಾನು ಸರಿಯಾಗಿ ನೋಡದೆ ಚಿತ್ತಪ್ಪನಿಗೆ ಕಳಿಸಿ ಕಾಫಿಗೆ ಹಾಲಿಟ್ಟೆ.

ಲೋಟ ಕೈಗೆ ಕೊಟ್ಟಾಗ ಅಜ್ಜಿ, "ಎಲ್ಲಿ, ತೋರ್ಸು" ಎಂದಳು. ಫೋನನ್ನು ದೂರ ಹಿಡಿದು ಬೆರಳಾಡಿಸಿದಳು. "ಅವ್ರುದು ಎಲ್ಲಿ?"

"ಯಾರದು ಅಜ್ಜಿ?"

"ಅವ್ರುದು, ಪುಳ್ಳೆ!" ಗೋಡೆಯ ಮೇಲಿದ್ದ ತಾತನ ಫೋಟೋ ಕಡೆಗೆ ಗದ್ದ ಎತ್ತಿದಳು. ಮನೆಯಲ್ಲಿ ನಾನು ಎಲ್ಲರಿಗೂ ಪುಳ್ಳೆ, ಹುಡುಗಿ.

ನಮ್ಮ ಮನೆಗಳಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ ಅಜ್ಜಿ ನನ್ನ ತೋಳು ಚಿವುಟುತ್ತಾಳೆ, ನಾನು ಹೇಳಬೇಕು. ತಾತ ಹೋದ ಮೇಲೂ ಅಷ್ಟೇ. ಅವನ ಹೆಸರಿನ ಕರೆಂಟು ಲೈನು ಸತ್ತುಹೋಗಿದೆ ಎಂದೇ ನಾವೆಲ್ಲ ತಿಳಿದಿದ್ದೆವು.

"ಅದ್ರಾಗೆ ಕರೆಂಟು ಐತಾ ಅಜ್ಜಿ?"

"ಇಲ್ದೆ? ನುಗ್ಗೆ ಗಿಡ ಒಣಗ್ತಾ ಇತ್ತು. ಬೇಸಿಗೇಲಿ ನಾನೇ ಜೋಡ್ಸಿದ್ದೆ."

ಫೋನು ಕಿತ್ತುಕೊಂಡು ನೋಡಿದೆ, ಎರಡೇ ಪೆಟ್ಟಿಗೆ. ಏಜೆಂಟು ಹೆಸರು ಹುಡುಕಿದೆ, ಸಿಕ್ಕಿಲ್ಲ. ನಾನು ಹೇಳಿದಂತೆ ಪೆಟ್ಟಿಗೆಯನ್ನು ಬಿಟ್ಟಿದೆ.

ಚಿತ್ತಪ್ಪನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಅಜ್ಜಿ ಆಗಲೇ ಸ್ಕೂಟರಿನ ಹಿಂದೆ ಕೂತು ನನ್ನ ಭುಜ ಗುದ್ದುತ್ತಿದ್ದಳು. ತೋಟದ ದಾರಿಯಲ್ಲಿ ಆಡುಗಳ ಹಿಂಡು ಅಡ್ಡ ಬಂತು. ನನ್ನ ಬಾಯಿಂದ ಬಂದ ಬೈಗುಳವನ್ನು ಅಜ್ಜಿ ಮೊದಲ ಸಲ ಕೇಳಿರಬೇಕು. ದೇವರೇ, ಅವನು ಇನ್ನೂ ಇಳಿಯದಿರಲಿ ಎಂದು ಬೇಡಿಕೊಳ್ಳುತ್ತಲೇ ಗಾಡಿ ಓಡಿಸಿದೆ.

ಇಳಿದಿದ್ದ. ಬೋಡಿಯಿಂದ ಕರೆತಂದಿದ್ದ ಮೆಕ್ಯಾನಿಕ್ ಶಿವಬಾಲನ್ ಬಾವಿಯ ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದ. ಕೆಳಗೆ ಸೊಂಟದವರೆಗೆ ನೀರಿನಲ್ಲಿ ಚಿತ್ತಪ್ಪ, ಗೋಡೆಗೆ ಜೋತುಬಿದ್ದಿದ್ದ ಹಳೆಯ ಕೇಬಲ್ಲನ್ನು ಪಕ್ಕಕ್ಕೆ ಸರಿಸಲು ಕೈ ಎತ್ತಿದ್ದ.

"ಮುಟ್ಬೇಡ ಚಿತ್ತಪ್ಪಾ!"

ಅವನು ತಲೆಯೆತ್ತಿದ. "ಏನ್ ಪುಳ್ಳೆ, ಹಿಂಗ್ ಕಿರುಚ್ತೀಯಾ? ಎರಡು ಫ್ಯೂಸೂ ತೆಗ್ದಾಯ್ತು. ನಿನ್ ಫೋಟೋದಾಗೆ ಎರಡೇ ಐತೆ."

"ಫೋಟೋ ತಪ್ಪು! ಇನ್ನೊಂದು ಐತೆ!"

"ಇದು ಸತ್ತ ಲೈನು ಕಣೆ. ನಂಗೊತ್ತಿಲ್ವಾ?" ಕೈ ಮತ್ತೆ ಕೇಬಲ್ಲಿನತ್ತ ಹೋಯಿತು.

ನಾನು ಕಳಿಸಿದ ನಕ್ಷೆಯನ್ನೇ ಹಿಡಿದು ಅವನು ನನ್ನ ಜೊತೆ ವಾದಿಸುತ್ತಿದ್ದ. ಅಷ್ಟರಲ್ಲಿ ಅಜ್ಜಿ ಕಟ್ಟೆಗೆ ಬಗ್ಗಿ, "ಲೇ, ನಾ ಹೆತ್ತೋಳು ಹೇಳ್ತೀನಿ, ಕೈ ತೆಗಿ!" ಎಂದು ಗದರಿದಳು. ಚಿತ್ತಪ್ಪನ ಕೈ ಅಲ್ಲೇ ನಿಂತಿತು.

ಶಿವಬಾಲನ್ ಮೋಟರ್ ಕೋಣೆಗೆ ಓಡಿದ. ನಾನೂ ಓಡಿದೆ. ಆ ಕೇಬಲ್ಲಿನ ಮೇಲಿನ ತುದಿಗೆ ಟೆಸ್ಟರ್ ಇಟ್ಟ. ದೀಪ ಹೊತ್ತಿತು. ಅವನು ಮೂರನೇ ಫ್ಯೂಸು ಕಿತ್ತ.

ಚಿತ್ತಪ್ಪ ಮೇಲೆ ಬಂದು ಮಣ್ಣಿನಲ್ಲಿ ಕೂತ. ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. "ನೀ ಕಳ್ಸಿದ್ದು ಅಂತ ನಂಬಿ ಇಳ್ದೆ ಪುಳ್ಳೆ" ಎಂದ, ಅಷ್ಟೇ. ನನಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ನನ್ನ ಬೆನ್ನು ಸವರುತ್ತಾ ಒಂದೇ ಮಾತು ಹೇಳುತ್ತಿದ್ದಳು, "ನಾ ಹೇಳಿದ್ನಲ್ಲಾ, ಅವ್ರುದು ಒಂದು ಅಂತ." ನಿಜ. ಅವಳು ಹೇಳಿದ್ದಳು.

ಆಗಲೇ ರಾಮ್‌ಕುಮಾರನ ಫೋನು. ಮುಗಿಯಿತಾ ಎಂದು ಕೇಳಿದ. ಇಲ್ಲ ಎಂದೆ. ರೇಗಿದ. ನಾನು ಅವನಿಗಿಂತ ಜೋರಾಗಿ ರೇಗಿದೆ, ನಡೆದದ್ದೆಲ್ಲ ತಮಿಳಿನಲ್ಲಿ ಒದರಿದೆ. ಆಮೇಲೆ ಅವನು ಮೆಲ್ಲಗೆ, ನಿನಗೆ ಸರಿ ಅನ್ನಿಸಿದ ಹಾಗೆ ಬರಿ ಎಂದ.

ಬಾವಿಯ ಕಟ್ಟೆಯ ಮೇಲೆ ಕೂತೇ ತಿದ್ದಿದೆ. ‘ಹೇಳಿದವರು ಎಷ್ಟು ಹೇಳಿದರೋ ಅಷ್ಟೂ ಪೆಟ್ಟಿಗೆ ಬಿಡಿಸು. ಹೆಸರು ಸಿಗದಿದ್ದರೆ ಒಮ್ಮೆ ಕೇಳು. ಹೇಳದಿದ್ದರೆ ಪೆಟ್ಟಿಗೆಯನ್ನು ಖಾಲಿ ಬಿಡು, ಅಳಿಸಬೇಡ.’

ಅಜ್ಜಿ ಮತ್ತೆ ಅದೇ ಮಾತುಗಳನ್ನು ಹೇಳಿದಳು. ಅವರ ಹೆಸರೇನು ಎಂದು ಫೋನು ಕೇಳಿತು. ಅಜ್ಜಿ ಮುಖ ತಿರುಗಿಸಿದಳು. ನಾನು ಹೇಳಬಹುದಿತ್ತು, ತೋಳು ಚಿವುಟುತ್ತಾಳೇನೋ ಎಂದು ಕಾದೆ. ಚಿವುಟಲಿಲ್ಲ. ಸ್ವಲ್ಪ ಹೊತ್ತಿಗೆ ನಕ್ಷೆ ಬಂತು. ಪಿಚ್ಚೈ, ತಂಗರಾಜ್, ಪಕ್ಕದಲ್ಲಿ ಒಂದು ಖಾಲಿ ಪೆಟ್ಟಿಗೆ, ಅದರಿಂದಲೂ ಬಾವಿಗೆ ಬಾಣ.

ಅಜ್ಜಿ ಫೋನು ಕಿತ್ತುಕೊಂಡು ಮಗನ ಮುಂದೆ ಹಿಡಿದು, ಆ ಖಾಲಿ ಪೆಟ್ಟಿಗೆಯ ಮೇಲೆ ಬೆರಳಿಟ್ಟಳು.

"ನೋಡ್ಕೋ. ಇದು ನಿಮ್ಮಪ್ಪಂದು. ಇದ್ರಾಗೆ ಇನ್ನೂ ಕರೆಂಟು ಐತೆ."